ಎಂಜಿನ್ನಿಲ್ಲದ ವಿಮಾನದಲ್ಲಿ ಲೆಕ್ಕ ಹಾಕುವ ಫಲಕ

ಬೇಸಿಗೆಯ ನಡುಹಗಲಿನಲ್ಲಿ ಬಯಲುಸೀಮೆಯ ಆಕಾಶವನ್ನು ನೋಡಿದರೆ, ಹದ್ದುಗಳು ರೆಕ್ಕೆಯನ್ನು ಬಡಿಯದೆ ಸುತ್ತುಸುತ್ತಾಗಿ ಮೇಲಕ್ಕೇರುತ್ತಿರುವುದು ಕಾಣುತ್ತದೆ. ಇದು ಹೇಗೆ ಸಾಧ್ಯ? ಬಿಸಿಲಿಗೆ ಕಾದ ನೆಲವು ತನ್ನನ್ನು ಸೋಕಿದ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿ ಹಿಗ್ಗಿ, ಹಗುರವಾಗಿ, ಒಂದು ಕಂಬದಂತೆ ಮೇಲಕ್ಕೇಳುತ್ತದೆ. ಆ ಕಂಬದೊಳಗೆ ಸುತ್ತುವ ಹದ್ದು ತನ್ನ ಸುತ್ತಣ ಗಾಳಿಯ ಲೆಕ್ಕದಲ್ಲಿ ಸದಾ ಕೆಳಕ್ಕೇ ಜಾರುತ್ತಿರುತ್ತದೆ. ಆದರೆ ಅದು ಜಾರುವುದಕ್ಕಿಂತ ಬೇಗನೆ ಗಾಳಿಯು ಮೇಲೇರುತ್ತಿರುವುದರಿಂದ ಹದ್ದೂ ಏರುತ್ತ ಹೋಗುತ್ತದೆ.

ಗ್ಲೈಡರ್ ಎಂಬ ಎಂಜಿನ್ನಿಲ್ಲದ ವಿಮಾನವು ಹಾರುವುದೂ ಇದೇ ಉಪಾಯದಿಂದ. ಮೋಟಾರು ವಿಮಾನವೊಂದು ಹಗ್ಗ ಕಟ್ಟಿ ಎಳೆದು, ಇಲ್ಲವೆ ನೆಲದ ಮೇಲಿನ ರಾಟೆಯಂತ್ರವೊಂದು ತಂತಿಯನ್ನು ಸುತ್ತಿ ಸೆಳೆದು, ಅದನ್ನು ಮೇಲಕ್ಕೊಯ್ದು ಬಿಡುತ್ತದೆ. ಅಲ್ಲಿಂದ ಮುಂದೆ ಚಾಲಕನಿಗೆ ಗಾಳಿಯೇ ಗತಿ. ಬಿಸಿಗಾಳಿಯ ಕಂಬವೊಂದನ್ನು ಹುಡುಕಿ, ಅದರಲ್ಲಿ ಸುತ್ತಿ ಎತ್ತರವನ್ನು ಗಳಿಸಿ, ಆ ಎತ್ತರವನ್ನು ದೂರವಾಗಿ ಖರ್ಚು ಮಾಡುತ್ತ ಇನ್ನೊಂದು ಕಂಬದತ್ತ ಸಾಗುವುದೇ ಅವನ ಪ್ರಯಾಣ. ಜರ್ಮನಿಯ ಓಟೊ ಲಿಲಿಯೆಂಥಾಲನು 1890ರ ದಶಕದಲ್ಲಿ ಗುಡ್ಡಗಳ ಮೇಲಿಂದ ಜಾರಿ ಹಾರಿದಾಗ ಸಾಗಿದ ದೂರ ಕೆಲವು ನೂರು ಅಡಿಗಳು ಮಾತ್ರ. 1896ರಲ್ಲಿ ಅಂಥ ಒಂದು ಹಾರಾಟದಲ್ಲಿಯೇ ಬಿದ್ದು ಅವನು ತೀರಿಕೊಂಡನು. 1929ರಲ್ಲಿ ರಾಬರ್ಟ್ ಕ್ರಾನ್‌ಫೆಲ್ಡನು 100 ಕಿಲೊಮೀಟರಿನ ಎಲ್ಲೆಯನ್ನು ದಾಟಿದನು. 2003ರಲ್ಲಿ ಕ್ಲಾಸ್ ಓಲ್‌ಮನ್ನನು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮೇಲೆ ಬೀಸುವ ಗಾಳಿಯ ಅಲೆಗಳನ್ನು ಹಿಡಿದು, ಒಂದೇ ಹಾರಾಟದಲ್ಲಿ 3,009 ಕಿಲೊಮೀಟರು ಸಾಗಿದನು.

ಈ ಕಾಲದ ಗ್ಲೈಡರಿನ ಚಾಲಕನ ಮುಂದೆ, ಹಳೆಯ ಮುಳ್ಳುಗಳ ಸಲಕರಣೆಗಳ ಪಕ್ಕದಲ್ಲಿ, ಒಂದು ಟ್ಯಾಬ್ಲೆಟ್ ಫಲಕವೋ ಮೊಬೈಲ್ ಫೋನೋ ಕುಳಿತಿರುವುದು ಈಗ ಸಾಮಾನ್ಯ. ಮನೆಯಲ್ಲಿ ಮಕ್ಕಳು ಪಾಠ ಓದುವುದಕ್ಕೆ ಬಳಸುವ ಫಲಕಕ್ಕೂ ಇದಕ್ಕೂ ಭೇದವಿಲ್ಲ. ಒಳಗಿರುವ ತಂತ್ರಾಂಶ ಮಾತ್ರ ಬೇರೆ. ಅದು ಮಾಡುವ ಕೆಲಸವೇನು? ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ. ಎಂಜಿನ್ನಿಲ್ಲದ ವಿಮಾನದಲ್ಲಿ ಲೆಕ್ಕ ತಪ್ಪಿದರೆ ಮತ್ತೊಮ್ಮೆ ಪ್ರಯತ್ನಿಸುವ ಅವಕಾಶವಿರುವುದಿಲ್ಲ. ಆದುದರಿಂದ ಇದು ಕೇವಲ ಕುತೂಹಲದ ವಿಷಯವಲ್ಲ.

ಎತ್ತರವೇ ಬಂಡವಾಳ

ಗ್ಲೈಡರಿನ ಚಾಲಕನು ಹಾರುತ್ತಿರುವಷ್ಟು ಹೊತ್ತೂ ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: "ಈ ಎತ್ತರದಿಂದ ಆ ಬಯಲನ್ನು ಮುಟ್ಟಬಲ್ಲೆನೆ?"

ಒಳ್ಳೆಯ ಗ್ಲೈಡರೊಂದು ನಿಶ್ಚಲವಾದ ಗಾಳಿಯಲ್ಲಿ 1 ಮೀಟರು ಕೆಳಗಿಳಿಯುವಷ್ಟರಲ್ಲಿ 40 ಮೀಟರು ಮುಂದೆ ಸಾಗುತ್ತದೆ. ಇದನ್ನು ಜಾರುವ ಪ್ರಮಾಣ ಎನ್ನೋಣ. ಹಾಗಾದರೆ 1,000 ಮೀಟರು ಎತ್ತರದಲ್ಲಿರುವ ಚಾಲಕನು 40 ಕಿಲೊಮೀಟರು ದೂರ ಹೋಗಬಲ್ಲನು. ಲೆಕ್ಕ ಇಷ್ಟೇ ಆಗಿದ್ದರೆ ಯಂತ್ರದ ನೆರವು ಬೇಕಾಗುತ್ತಿರಲಿಲ್ಲ. ಆದರೆ ಗಾಳಿ ನಿಶ್ಚಲವಾಗಿರುವುದು ಅಪರೂಪ. ಗ್ಲೈಡರು ಗಂಟೆಗೆ 100 ಕಿಲೊಮೀಟರು ವೇಗದಲ್ಲಿ ಹೋಗುತ್ತಿದೆಯೆಂದೂ ಎದುರುಗಾಳಿಯು ಗಂಟೆಗೆ 25 ಕಿಲೊಮೀಟರು ವೇಗದಿಂದ ಬೀಸುತ್ತಿದೆಯೆಂದೂ ಭಾವಿಸೋಣ. 1,000 ಮೀಟರು ಇಳಿಯಲು ಹಿಡಿಯುವ ಕಾಲ 24 ನಿಮಿಷ. ಅದು ಗಾಳಿ ಬೀಸಿದರೂ ಬೀಸದಿದ್ದರೂ ಬದಲಾಗದು. ಆದರೆ ನೆಲದ ಮೇಲಣ ವೇಗ 75ಕ್ಕೆ ಇಳಿಯುವುದರಿಂದ, ಆ 24 ನಿಮಿಷಗಳಲ್ಲಿ ಸಾಗುವ ದೂರ 30 ಕಿಲೊಮೀಟರು ಮಾತ್ರ. ಅದೇ ಗಾಳಿ ಹಿಂದಿನಿಂದ ಬೀಸಿದರೆ 50 ಕಿಲೊಮೀಟರು. ಒಂದೇ ಗ್ಲೈಡರು, ಒಂದೇ ಎತ್ತರ. ಗಾಳಿಯ ದಿಕ್ಕು ಬದಲಾದಾಗ ಮುಟ್ಟುವ ದೂರದಲ್ಲಿ 20 ಕಿಲೊಮೀಟರಿನ ಅಂತರ!

ಇದರ ಮೇಲೆ ನಡುವೆ ಬೆಟ್ಟವಿದ್ದರೆ ಅದನ್ನು ದಾಟುವ ಎತ್ತರ ಬೇಕು. ಇಳಿಯುವ ಬಯಲು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕಳೆಯಬೇಕು. ಬಯಲನ್ನು ಮುಟ್ಟಿದ ಮೇಲೆ ಒಂದು ಸುತ್ತು ಹಾಕಿ ನೋಡಿ ಇಳಿಯಲು 300 ಮೀಟರಿನಷ್ಟನ್ನಾದರೂ ಕೈಗಾವಲಾಗಿ ಇಟ್ಟುಕೊಳ್ಳಬೇಕು. ಗಾಳಿಯ ಹೊಡೆತಕ್ಕೆ ತೂಗಾಡುವ ಇಕ್ಕಟ್ಟಾದ ಕುಳಿಯಲ್ಲಿ ಅರೆ ಮಲಗಿದಂತೆ ಕುಳಿತು, ಒಂದು ಕೈಯಲ್ಲಿ ಚಾಲನದಂಡವನ್ನು ಹಿಡಿದುಕೊಂಡು ಇಷ್ಟೆಲ್ಲವನ್ನೂ ಮನಸ್ಸಿನಲ್ಲಿಯೇ ಗುಣಿಸಿ ಭಾಗಿಸುವುದು ಸುಲಭದ ಕೆಲಸವಲ್ಲ. ಫಲಕವು ಈ ಭಾರವನ್ನು ಹೊರುತ್ತದೆ. ಸೆಕೆಂಡಿಗೊಮ್ಮೆ ಲೆಕ್ಕವನ್ನು ಹೊಸದಾಗಿ ಹಾಕಿ, ಗುರಿಯನ್ನು ಮುಟ್ಟುವಾಗ ಎಷ್ಟು ಎತ್ತರ ಉಳಿದಿರುತ್ತದೆ ಎಂಬುದನ್ನು ಒಂದು ಅಂಕಿಯಾಗಿ ತೋರಿಸುತ್ತದೆ. ಅಷ್ಟೇ ಅಲ್ಲ, ಈಗಿರುವ ಎತ್ತರದಿಂದ ಎಲ್ಲೆಲ್ಲಿಗೆ ಜಾರಿ ಹೋಗಬಹುದೋ ಆ ಪ್ರದೇಶದ ಸುತ್ತ ನಕಾಶೆಯ ಮೇಲೆ ಒಂದು ಗೆರೆಯನ್ನೂ ಎಳೆಯುತ್ತದೆ. ಆ ಗೆರೆ ಎತ್ತರ ಹೆಚ್ಚಿದಂತೆ ಹಿಗ್ಗುತ್ತದೆ, ತಗ್ಗಿದಂತೆ ಕುಗ್ಗುತ್ತದೆ.

ಕಾಗದದಿಂದ ಗಾಜಿನವರೆಗೆ

ಹಿಂದಿನ ಕಾಲದ ಚಾಲಕರು ಈ ಕೆಲಸವನ್ನು ಕಾಗದದ ನಕಾಶೆಯಿಂದಲೂ ಜಾರುಪಟ್ಟಿಯಂಥ ಲೆಕ್ಕದ ಚಕ್ರದಿಂದಲೂ ಮಾಡುತ್ತಿದ್ದರು. 1 ಸೆಂಟಿಮೀಟರಿಗೆ 5 ಕಿಲೊಮೀಟರಿನ ನಕಾಶೆಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, ಕೆಳಗೆ ಕಾಣುವ ಹೊಳೆ, ರೈಲುದಾರಿ, ಊರುಗಳೊಂದಿಗೆ ಅದನ್ನು ಹೋಲಿಸುತ್ತ ಸಾಗಬೇಕಾಗಿತ್ತು. ಸ್ಪರ್ಧೆಯಲ್ಲಿ ಗೊತ್ತುಮಾಡಿದ ಸ್ಥಳದವರೆಗೆ ಹೋಗಿಬಂದುದಕ್ಕೆ ಸಾಕ್ಷಿಯೆಂದು ಕ್ಯಾಮರಾದಿಂದ ಆ ಸ್ಥಳದ ಚಿತ್ರ ತೆಗೆಯಬೇಕಾಗಿತ್ತು. ಹಾರಿದ ಎತ್ತರಕ್ಕೆ ಸಾಕ್ಷಿಯಾಗಿ ಗಾಳಿಯ ಒತ್ತಡವನ್ನು ಸುತ್ತುವ ಉರುಳೆಯ ಮೇಲೆ ಗೀಚುವ ಉಪಕರಣವಿತ್ತು.

ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು 1990ರ ದಶಕದಲ್ಲಿ ಪೂರ್ಣವಾಗಿ ಕೆಲಸಕ್ಕೆ ಬಂದಾಗ ಈ ಚಿತ್ರವೆಲ್ಲ ಬದಲಾಯಿತು. ಸಾರ್ವಜನಿಕರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ತಪ್ಪನ್ನು ಅಮೆರಿಕದ ಸರಕಾರ 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ, ಸಾಮಾನ್ಯ ಗ್ರಾಹಕಯಂತ್ರವೂ ತನ್ನ ಸ್ಥಾನವನ್ನು ಕೆಲವೇ ಮೀಟರುಗಳ ಅಂತರದೊಳಗೆ ಹೇಳಬಲ್ಲುದಾಯಿತು. ಮೊದಲು ಅಂಗೈಯಗಲದ ಗಣಕಗಳು ಗ್ಲೈಡರಿನೊಳಕ್ಕೆ ಬಂದುವು. ಅವುಗಳ ಬೆನ್ನಿಗೆ ಫೋನುಗಳೂ ಟ್ಯಾಬ್ಲೆಟ್‌ಗಳೂ ಬಂದುವು. ತಂತ್ರಾಂಶಗಳಲ್ಲಿ ಎಕ್ಸ್‌ಸಿ ಸೋರ್ ಎಂಬುದರ ಕಥೆ ಸ್ವಾರಸ್ಯವಾದುದು. ಮೊದಲು ಹಣಕ್ಕೆ ಮಾರಾಟವಾಗುತ್ತಿದ್ದ ಇದನ್ನು, ಮುಂದುವರಿಸಲಾಗದ ಕಾರಣ, ಅದರ ಕರ್ತೃವು 2004ರ ಕೊನೆಯಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟನು. ಅಂದಿನಿಂದ ಹಲವು ದೇಶಗಳ ಚಾಲಕರೂ ತಂತ್ರಜ್ಞರೂ ಸೇರಿ ಅದನ್ನು ಬೆಳೆಸುತ್ತ ಬಂದಿದ್ದಾರೆ. ಯಾರು ಬೇಕಾದರೂ ಅದರ ಒಳಗಿನ ಸೂತ್ರಗಳನ್ನು ಬಿಚ್ಚಿ ನೋಡಬಹುದು.

ಗಾಳಿಯನ್ನು ಕಂಡುಹಿಡಿಯುವ ಉಪಾಯ

ಎದುರುಗಾಳಿಯ ವೇಗ ಗೊತ್ತಿದ್ದರೆ ಲೆಕ್ಕ ಹಾಕಬಹುದು, ನಿಜ. ಆದರೆ ಫಲಕಕ್ಕೆ ಅದನ್ನು ಹೇಳುವವರು ಯಾರು? ಇಲ್ಲಿ ಬಳಸುವ ಉಪಾಯ ಬಹಳ ಸರಳವಾದುದು.

ಬಿಸಿಗಾಳಿಯ ಕಂಬದಲ್ಲಿ ಗ್ಲೈಡರು ಸುತ್ತುತ್ತಿರುವಾಗ ಗಾಳಿಯ ಲೆಕ್ಕದಲ್ಲಿ ಅದರ ವೇಗ ಹೆಚ್ಚು ಕಡಮೆ ಒಂದೇ ಸಮನಾಗಿರುತ್ತದೆ. ಆದರೆ ನೆಲದ ಲೆಕ್ಕದಲ್ಲಿ ಹಾಗಲ್ಲ. ಸುತ್ತಿನ ಒಂದು ಪಾರ್ಶ್ವದಲ್ಲಿ ಗಾಳಿ ಅದನ್ನು ಮುಂದಕ್ಕೆ ನೂಕುತ್ತದೆ, ಇನ್ನೊಂದು ಪಾರ್ಶ್ವದಲ್ಲಿ ತಡೆಯುತ್ತದೆ. ಉಪಗ್ರಹಗಳ ಮೂಲಕ ದೊರೆಯುವ ನೆಲದ ವೇಗ ಒಂದೆಡೆ ಗಂಟೆಗೆ 120 ಕಿಲೊಮೀಟರೆಂದೂ ಅದರ ಎದುರಿನ ಕಡೆಯಲ್ಲಿ 80 ಕಿಲೊಮೀಟರೆಂದೂ ಇಟ್ಟುಕೊಳ್ಳೋಣ. ಇವೆರಡರ ಸರಾಸರಿಯಾದ 100 ಎಂಬುದು ಗ್ಲೈಡರಿನ ಸ್ವಂತ ವೇಗ. ವ್ಯತ್ಯಾಸದ ಅರ್ಧವಾದ 20 ಎಂಬುದು ಗಾಳಿಯ ವೇಗ. ವೇಗ ಅತ್ಯಂತ ಹೆಚ್ಚಾಗಿದ್ದಾಗ ಗ್ಲೈಡರು ಮುಖ ಮಾಡಿದ್ದ ಕಡೆಗೇ ಗಾಳಿ ಬೀಸುತ್ತಿದೆ. ಹೊಳೆಯ ಹರಿವಿನಲ್ಲಿ ತಿರುಗುವ ಹರಿಗೋಲನ್ನು ದಡದಿಂದ ನೋಡಿ ಹೊಳೆಯ ಸೆಳೆತವನ್ನು ಅಳೆದಂತೆ ಇದು.

ಈ ಉಪಾಯದಲ್ಲಿ ಒಂದು ಕೊರತೆಯುಂಟು. ಫಲಕವು ತಿಳಿದುಕೊಂಡದ್ದು ಗ್ಲೈಡರು ಸುತ್ತಿದ ಜಾಗದ, ಸುತ್ತಿದ ಎತ್ತರದ, ಸುತ್ತಿದ ಹೊತ್ತಿನ ಗಾಳಿಯನ್ನು. ಇಪ್ಪತ್ತು ಕಿಲೊಮೀಟರು ಮುಂದೆ, ಐನೂರು ಮೀಟರು ಕೆಳಗೆ ಗಾಳಿ ಹೀಗೆಯೇ ಇರುತ್ತದೆಂಬುದು ಅದರ ಊಹೆ ಮಾತ್ರ.

ಎಷ್ಟು ವೇಗವಾಗಿ ಹಾರಬೇಕು?

ಮುಂದಿನ ಕಂಬದವರೆಗೆ ನಿಧಾನವಾಗಿ ಹೋದರೆ ಎತ್ತರ ಉಳಿಯುತ್ತದೆ, ಕಾಲ ಕಳೆಯುತ್ತದೆ. ವೇಗವಾಗಿ ಹೋದರೆ ಕಾಲ ಉಳಿಯುತ್ತದೆ, ಎತ್ತರ ಕಳೆಯುತ್ತದೆ. ಯಾವುದು ಮೇಲು? ಇದಕ್ಕೆ ಸುಲಭವಾಗಿ ಬಳಸಬಹುದಾದ ಉತ್ತರವನ್ನು ಒದಗಿಸಿದವನು ಅಮೆರಿಕದ ಪಾಲ್ ಮ್ಯಾಕ್‌ಕ್ರೆಡಿ. ಇವನು 1956ರಲ್ಲಿ ಗ್ಲೈಡರುಗಳ ವಿಶ್ವಸ್ಪರ್ಧೆಯನ್ನು ಗೆದ್ದನು. ಮನುಷ್ಯನು ತನ್ನ ಕಾಲಿನ ಬಲದಿಂದಲೇ ತುಳಿದು ಹಾರಿಸುವ ವಿಮಾನವನ್ನು ರಚಿಸಿ 1977ರಲ್ಲಿ ಬಹುಮಾನ ಪಡೆದವನೂ ಇವನೇ.

ಮ್ಯಾಕ್‌ಕ್ರೆಡಿಯ ವಿಚಾರಸರಣಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮುಂದಿನ ಕಂಬ 20 ಕಿಲೊಮೀಟರು ದೂರದಲ್ಲಿದೆ. ನಮ್ಮ ಗ್ಲೈಡರು ಗಂಟೆಗೆ 100 ಕಿಲೊಮೀಟರು ವೇಗದಲ್ಲಿ ಹೋದಾಗ ಸೆಕೆಂಡಿಗೆ 0.7 ಮೀಟರು ಇಳಿಯುತ್ತದೆ, 150 ಕಿಲೊಮೀಟರು ವೇಗದಲ್ಲಿ 1.5 ಮೀಟರು ಇಳಿಯುತ್ತದೆ ಎನ್ನೋಣ. ನಿಧಾನವಾಗಿ ಹೋದರೆ 720 ಸೆಕೆಂಡು ಹಿಡಿಯುತ್ತದೆ, 504 ಮೀಟರು ಕಳೆಯುತ್ತದೆ. ವೇಗವಾಗಿ ಹೋದರೆ 480 ಸೆಕೆಂಡು ಸಾಕು, ಆದರೆ 720 ಮೀಟರು ಕಳೆಯುತ್ತದೆ. ಮುಂದಿನ ಕಂಬವು ಬಲವಾಗಿದ್ದು ಗ್ಲೈಡರನ್ನು ಸೆಕೆಂಡಿಗೆ 3 ಮೀಟರಿನಂತೆ ಏರಿಸುವುದಾದರೆ, ಕಳೆದ ಎತ್ತರವನ್ನು ಮರಳಿ ಪಡೆಯುವವರೆಗೆ ನಿಧಾನದ ಚಾಲಕನಿಗೆ ಒಟ್ಟು 888 ಸೆಕೆಂಡು ಬೇಕು. ವೇಗದ ಚಾಲಕನಿಗೆ 720 ಸಾಕು. ಕಂಬವು ದುರ್ಬಲವಾಗಿದ್ದು ಸೆಕೆಂಡಿಗೆ ಅರ್ಧ ಮೀಟರು ಮಾತ್ರ ಏರಿಸುವುದಾದರೆ ಲೆಕ್ಕ ತಲೆಕೆಳಗಾಗುತ್ತದೆ: ನಿಧಾನದವನಿಗೆ 1,728 ಸೆಕೆಂಡು, ವೇಗದವನಿಗೆ 1,920.

ಎಂದಮೇಲೆ ಸರಿಯಾದ ವೇಗವನ್ನು ನಿರ್ಧರಿಸುವುದು ಮುಂದೆ ಸಿಗಲಿರುವ ಕಂಬದ ಬಲ. ಮ್ಯಾಕ್‌ಕ್ರೆಡಿಯ ಕಾಲದಲ್ಲಿ, ಏರಿಳಿತವನ್ನು ತೋರಿಸುವ ವೇರಿಯೊಮೀಟರ್ ಎಂಬ ಸಲಕರಣೆಯ ಸುತ್ತ ಅಂಕಿಗಳನ್ನು ಕೆತ್ತಿದ ಬಳೆಯೊಂದನ್ನು ತಿರುಗಿಸಿ ಈ ವೇಗವನ್ನು ಓದುತ್ತಿದ್ದರು. ಇಂದು ಫಲಕವೇ ಅದನ್ನು ಹೇಳುತ್ತದೆ. ಆದರೆ ಮುಂದಿನ ಕಂಬದ ಬಲವೆಷ್ಟು ಎಂಬ ಅಂಕಿಯನ್ನು, ಅಂದರೆ 'ಮ್ಯಾಕ್‌ಕ್ರೆಡಿ ಮೌಲ್ಯ'ವನ್ನು, ಗೊತ್ತುಮಾಡಬೇಕಾದವನು ಚಾಲಕನು. ಈವರೆಗೆ ಸಿಕ್ಕ ಕಂಬಗಳ ಸರಾಸರಿಯಿಂದ ತಾನೇ ಒಂದು ಅಂಕಿಯನ್ನು ಹಾಕಿಕೊಳ್ಳಲು ತಂತ್ರಾಂಶಕ್ಕೂ ಬರುತ್ತದೆ. ಆದರೆ ಮುಂದೆ ಮೋಡಗಳು ಚಪ್ಪಟೆಯಾಗಿ ಹರಡಿ ನೆಲಕ್ಕೆ ನೆರಳು ಕವಿಯುತ್ತಿರುವುದು ಚಾಲಕನ ಕಣ್ಣಿಗೆ ಕಾಣುತ್ತದೆಯೇ ಹೊರತು ಸರಾಸರಿಗೆ ಕಾಣುವುದಿಲ್ಲ.

ಇನ್ನೂ ಕೆಲವು ಸಂಗತಿಗಳನ್ನು ಚಾಲಕನೇ ಹೇಳಿಕೊಡಬೇಕು. ಹಾರುತ್ತಿರುವುದು ಯಾವ ಜಾತಿಯ ಗ್ಲೈಡರು? ತರಬೇತಿಗೆ ಬಳಸುವ ಎ.ಎಸ್.ಕೆ. 21 ಎಂಬ ಎರಡು ಆಸನದ ಗ್ಲೈಡರು 1 ಮೀಟರು ಇಳಿಯುವಾಗ ಸುಮಾರು 34 ಮೀಟರು ಸಾಗುತ್ತದೆ. ಅದರಲ್ಲಿ ಕುಳಿತು, ಫಲಕದ ಪಟ್ಟಿಯಲ್ಲಿ 40 ಮೀಟರು ಸಾಗುವ ಗ್ಲೈಡರನ್ನು ಆರಿಸಿಕೊಂಡರೆ ಮುಂದಿನ ಉತ್ತರಗಳೆಲ್ಲ ತಪ್ಪು, ಅದೂ ಅಪಾಯದ ಕಡೆಗೆ. ರೆಕ್ಕೆಯ ಮುಂದಂಚಿಗೆ ಸಣ್ಣ ಹುಳುಗಳು ಬಡಿದು ಅಂಟಿಕೊಂಡರೂ ಗಾಳಿಯ ನಯವಾದ ಹರಿವು ಕೆಟ್ಟು ಜಾರುವ ಪ್ರಮಾಣ ಕುಗ್ಗುತ್ತದೆ. ಇದಕ್ಕೆಂದೇ ತಂತ್ರಾಂಶದಲ್ಲಿ ಪ್ರತ್ಯೇಕವಾದ ಒಂದು ಅಂಕಣವಿರುವುದು ಓದುಗರಿಗೆ ವಿನೋದವೆನಿಸಬಹುದು.

ಎತ್ತರ ಎಂದರೆ ಎಲ್ಲಿಂದ?

ಎತ್ತರವನ್ನು ಅಳೆಯುವುದರಲ್ಲಿಯೂ ಒಂದು ತೊಡಕಿದೆ. ವಿಮಾನದ ಹಳೆಯ ಎತ್ತರಮಾಪಕವು ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಒತ್ತಡ ಕಡಮೆಯಾಗುವ ನಿಯಮವನ್ನು ಹಿಡಿದು ಅದು ಎತ್ತರವನ್ನು ಸೂಚಿಸುತ್ತದೆ. ಆದರೆ ಒತ್ತಡವು ಹವೆಯೊಂದಿಗೆ ಬದಲಾಗುತ್ತದೆ. ಆದುದರಿಂದ ಹಾರುವ ಮುನ್ನ ಮಾಪಕವನ್ನು ಆ ದಿನದ ಒತ್ತಡಕ್ಕೆ ಹೊಂದಿಸಬೇಕು.

ಉಪಗ್ರಹಗಳಿಂದ ಅಳೆದ ಎತ್ತರಕ್ಕೆ ಹವೆಯ ಬಾಧೆಯಿಲ್ಲ. ಆದರೆ ಅದಕ್ಕೆ ಬೇರೊಂದು ಬಾಧೆಯಿದೆ. ಉಪಗ್ರಹದ ಲೆಕ್ಕವು ಭೂಮಿಯನ್ನು, ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣುಪಾದ ಗೋಳವೆಂದು ಎಣಿಸಿ, ಆ ಕಲ್ಪಿತ ಮೇಲ್ಮೈಯಿಂದ ಎತ್ತರವನ್ನು ಅಳೆಯುತ್ತದೆ. ನಿಜವಾದ ಸಮುದ್ರಮಟ್ಟವಾದರೋ ಭೂಮಿಯ ಗುರುತ್ವಾಕರ್ಷಣೆಯ ಹೆಚ್ಚು ಕಡಮೆಗಳಿಗೆ ತಕ್ಕಂತೆ ಉಬ್ಬಿಯೂ ತಗ್ಗಿಯೂ ಇರುತ್ತದೆ. ಇಡೀ ಜಗತ್ತಿನಲ್ಲಿ ಅದು ಅತ್ಯಂತ ತಗ್ಗಾಗಿರುವುದು ಭಾರತದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಅದು ಕಲ್ಪಿತ ಮೇಲ್ಮೈಗಿಂತ 100 ಮೀಟರಿಗೂ ಹೆಚ್ಚು ಕೆಳಗಿದೆ. ಬೆಂಗಳೂರಿನ ಸೀಮೆಯಲ್ಲಿಯೂ ಈ ತಗ್ಗು ಸುಮಾರು 85 ಮೀಟರು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಊರಿನಲ್ಲಿ ನಿಂತು ನೋಡಿದರೂ, ತಿದ್ದುಪಡಿ ಮಾಡದ ಫೋನು 815 ಎಂದು ತೋರಿಸುವುದಕ್ಕೆ ಇದೇ ಕಾರಣ.

ನಮ್ಮಲ್ಲಿ ಈ ತಪ್ಪು ಚಾಲಕನನ್ನು ಅತಿ ಜಾಗರೂಕನನ್ನಾಗಿ ಮಾಡುತ್ತದೆ, ಅಷ್ಟೇ. ಆದರೆ ಗ್ಲೈಡರುಗಳು ಹೆಚ್ಚಾಗಿ ಹಾರುವ ಜರ್ಮನಿ ಮತ್ತು ಆಲ್ಪ್ಸ್ ಪರ್ವತದ ಪ್ರದೇಶಗಳಲ್ಲಿ ಸಮುದ್ರಮಟ್ಟವು ಕಲ್ಪಿತ ಮೇಲ್ಮೈಗಿಂತ ಸುಮಾರು 45ರಿಂದ 50 ಮೀಟರು ಮೇಲಿದೆ. ಅಲ್ಲಿ ತಿದ್ದುಪಡಿಯಿಲ್ಲದ ಎತ್ತರ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇಲ್ಲದ 50 ಮೀಟರನ್ನು ಇದೆಯೆಂದು ನಂಬಿ ಕಣಿವೆಯೊಂದನ್ನು ದಾಟಹೊರಟವನ ಗತಿಯನ್ನು ಊಹಿಸಬಹುದು. ಒಳ್ಳೆಯ ತಂತ್ರಾಂಶಗಳು ಭೂಮಿಯ ಈ ಉಬ್ಬುತಗ್ಗುಗಳ ಕೋಷ್ಟಕವನ್ನು ಒಳಗೇ ಇಟ್ಟುಕೊಂಡು ಎತ್ತರವನ್ನು ತಿದ್ದಿ ತೋರಿಸುತ್ತವೆ.

ಫಲಕಕ್ಕೆ ತಿಳಿಯದ ಸಂಗತಿಗಳು

ಎಲ್ಲ ಅಂಕಿಗಳನ್ನೂ ಸರಿಯಾಗಿ ಕೊಟ್ಟ ಮೇಲೆಯೂ ಫಲಕಕ್ಕೆ ತಿಳಿಯದೆ ಉಳಿಯುವ ಮೂರು ಸಂಗತಿಗಳಿವೆ.

ಮೊದಲನೆಯದು, ಗಾಳಿಯಲ್ಲಿನ ವೇಗ. ಉಪಗ್ರಹಗಳು ತಿಳಿಸುವುದು ನೆಲದ ಮೇಲಣ ವೇಗವನ್ನು. ರೆಕ್ಕೆಗೆ ನೆಲದ ಗೊಡವೆಯಿಲ್ಲ. ತನ್ನ ಮೇಲೆ ಹರಿಯುವ ಗಾಳಿಯ ವೇಗವೊಂದೇ ಅದಕ್ಕೆ ಮುಖ್ಯ. ಆ ವೇಗ ಒಂದು ಮಿತಿಗಿಂತ ಕೆಳಗಿಳಿದರೆ ಹರಿವು ರೆಕ್ಕೆಯಿಂದ ಬಿಟ್ಟುಕೊಂಡು, ಎತ್ತಿಹಿಡಿಯುವ ಬಲ ಕುಸಿದು, ಗ್ಲೈಡರು ಮುಗ್ಗರಿಸುತ್ತದೆ. ಈ ಮಿತಿ ಗಂಟೆಗೆ 68 ಕಿಲೊಮೀಟರು ಎಂದಿಟ್ಟುಕೊಳ್ಳಿ. ಹಿಂದಿನಿಂದ 25 ಕಿಲೊಮೀಟರಿನ ಗಾಳಿ ಬೀಸುತ್ತಿರುವಾಗ ಫಲಕವು 90 ಎಂದು ತೋರಿಸಿದರೆ ನಿಜವಾದ ವೇಗ 65 ಮಾತ್ರ. ಫಲಕವನ್ನು ನೋಡಿ ನೆಮ್ಮದಿಯಾಗಿರುವ ಚಾಲಕನು ಆ ಹೊತ್ತಿಗೆ ಬೀಳಲು ತೊಡಗಿರುತ್ತಾನೆ! ಆದುದರಿಂದಲೇ, ಗಾಳಿಯ ಒತ್ತಡದಿಂದ ನಡೆಯುವ ಹಳೆಯ ವೇಗಮಾಪಕವನ್ನು ಯಾವ ಗ್ಲೈಡರಿನಿಂದಲೂ ತೆಗೆದುಹಾಕಿಲ್ಲ.

ಎರಡನೆಯದು, ದಾರಿಯಲ್ಲಿ ಸಿಗುವ ಕೆಳಗಾಳಿ. ಒಂದು ಕಡೆ ಗಾಳಿ ಮೇಲೇರಿದರೆ ಇನ್ನೊಂದು ಕಡೆ ಇಳಿಯಲೇಬೇಕು. ಮೇಲೆ ಹೇಳಿದ, 25 ಕಿಲೊಮೀಟರು ಎದುರುಗಾಳಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. 24 ಕಿಲೊಮೀಟರು ದೂರದ ಬಯಲಿಗೆ 800 ಮೀಟರು ಬೇಕು. 300 ಮೀಟರಿನ ಕೈಗಾವಲು ಸೇರಿ 1,100. ಫಲಕವು 'ಮುಟ್ಟಬಹುದು' ಎನ್ನುತ್ತದೆ. ಆದರೆ ದಾರಿಯಲ್ಲಿ 4 ಕಿಲೊಮೀಟರಿನಷ್ಟು ಜಾಗದಲ್ಲಿ ಗಾಳಿಯು ಸೆಕೆಂಡಿಗೆ 2 ಮೀಟರಿನಂತೆ ಇಳಿಯುತ್ತಿದ್ದರೆ ಏನಾಗುವುದು? ವೇಗವನ್ನು ಬದಲಿಸದೆ ಆ ಜಾಗವನ್ನು ದಾಟಲು 192 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ 384 ಮೀಟರು ಹೆಚ್ಚಾಗಿ ಕಳೆದುಹೋಗುತ್ತದೆ. 300 ಮೀಟರಿನ ಕೈಗಾವಲು ಕರಗಿ, ಇನ್ನೂ 84 ಮೀಟರಿನ ಸಾಲ ಉಳಿಯುತ್ತದೆ. ಕೆಳಗಾಳಿಯನ್ನು ಹೊಕ್ಕಕೂಡಲೆ ಮೂಗನ್ನು ತಗ್ಗಿಸಿ ವೇಗವನ್ನು ಹೆಚ್ಚಿಸಿ ಬೇಗನೆ ಅದರಿಂದ ಹೊರಬೀಳಬೇಕೆಂದು ಚಾಲಕರಿಗೆ ಕಲಿಸುವುದು ಇದಕ್ಕಾಗಿಯೇ. ಕಳೆದ ಎತ್ತರವನ್ನು ಫಲಕವು ಕೂಡಲೆ ಗಮನಿಸಿ ಅಂಕಿಯನ್ನು ಇಳಿಸುತ್ತದೆ, ನಿಜ. ಆದರೆ ಅದು ನಡೆದುದನ್ನು ಹೇಳುತ್ತದೆ, ನಡೆಯಲಿರುವುದನ್ನಲ್ಲ.

ಮೂರನೆಯದು, ನೆಲದ ಮೇಲಿನ ಸಣ್ಣ ವಸ್ತುಗಳು. ಫಲಕದಲ್ಲಿ ಕಾಣುವ ಬೆಟ್ಟಕಣಿವೆಗಳ ಚಿತ್ರಕ್ಕೆ ಆಧಾರ ಬಹುಮಟ್ಟಿಗೆ 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಆಕಾಶನೌಕೆಯು ರೇಡಾರಿನಿಂದ ಮಾಡಿದ ಭೂಮಿಯ ಅಳತೆ. ಅದರಲ್ಲಿ ಗುಡ್ಡಗಳಿವೆ, ಆದರೆ ಕಣಿವೆಯಿಂದ ಕಣಿವೆಗೆ ಎಳೆದ ಹಗ್ಗದ ಹಾದಿಗಳಿಲ್ಲ, ವಿದ್ಯುತ್ತಿನ ತಂತಿಗಳಿಲ್ಲ, ನಿನ್ನೆ ಉತ್ತ ಹೊಲವಿಲ್ಲ, ಇಂದು ಮೇಯಲು ಬಿಟ್ಟ ದನಗಳಿಲ್ಲ.

ಬಿಸಿಲು, ಬಿಸಿ, ವಿದ್ಯುತ್ತು

ಮನೆಯ ಬಳಕೆಗೆಂದು ಮಾಡಿದ ಯಂತ್ರವನ್ನು ಆಕಾಶಕ್ಕೆ ಒಯ್ದಾಗ ಕೆಲವು ವ್ಯಾವಹಾರಿಕ ತೊಂದರೆಗಳೂ ಎದುರಾಗುತ್ತವೆ. ಗ್ಲೈಡರಿನ ಮೇಲುಮುಚ್ಚಳ ಪಾರದರ್ಶಕವಾದುದರಿಂದ ಬಿಸಿಲು ನೇರವಾಗಿ ಫಲಕದ ಮೇಲೆ ಬೀಳುತ್ತದೆ. ಒಳಗಿನಿಂದ ಬೆಳಗುವ ಗಾಜು ಸೂರ್ಯನ ಬೆಳಕಿನೊಂದಿಗೆ ಪೈಪೋಟಿ ಮಾಡಲಾರದೆ ಮಸುಕಾಗಿ ಕಾಣುತ್ತದೆ. ಹೊಳಪನ್ನು ಹೆಚ್ಚಿಸಿದರೆ ಫಲಕ ಕಾಯುತ್ತದೆ. ಐಪ್ಯಾಡ್ ಫಲಕವನ್ನು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಬಿಸಿಯಲ್ಲಿ ಬಳಸಬಾರದೆಂದು ಅದರ ತಯಾರಕರೇ ಹೇಳುತ್ತಾರೆ. ಮಿತಿ ಮೀರಿದರೆ ಅದು ತಾನಾಗಿ ಮಂಕಾಗಿ, ಕಡೆಗೆ ಕೆಲಸವನ್ನೇ ನಿಲ್ಲಿಸುತ್ತದೆ. ಈ ಕಾರಣದಿಂದ ಕೆಲವರು ಕೋಬೊ ಎಂಬ ಪುಸ್ತಕ ಓದುವ ಫಲಕದಲ್ಲಿ ಎಕ್ಸ್‌ಸಿ ಸೋರನ್ನು ಅಳವಡಿಸಿಕೊಳ್ಳುತ್ತಾರೆ. ಅದರ ಪರದೆ ಕಾಗದದಂತೆ ಮೇಲೆ ಬಿದ್ದ ಬೆಳಕನ್ನೇ ಮರಳಿಸುವುದರಿಂದ ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುತ್ತದೆ, ವಿದ್ಯುತ್ತನ್ನೂ ಕಡಮೆ ಬಳಸುತ್ತದೆ.

ತಂಪು ಕನ್ನಡಕದಿಂದಲೂ ಒಂದು ವಿಚಿತ್ರವಾದ ತೊಂದರೆಯುಂಟು. ದ್ರವಸ್ಫಟಿಕದ ಪರದೆಯಿಂದ ಬರುವ ಬೆಳಕಿನ ಕಂಪನ ಒಂದೇ ಸಮತಲದಲ್ಲಿರುತ್ತದೆ. ಧ್ರುವೀಕರಣದ ಕನ್ನಡಕವೂ ಒಂದೇ ಸಮತಲದ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಇವೆರಡು ಅಡ್ಡವಾದರೆ ಪರದೆ ಕಪ್ಪಾಗಿಬಿಡುತ್ತದೆ. ವಿದ್ಯಾರ್ಥಿಗಳು ಅಂಥ ಕನ್ನಡಕವನ್ನು ಹಾಕಿಕೊಂಡು ಫೋನನ್ನು ನಿಧಾನವಾಗಿ ತಿರುಗಿಸಿ ಇದನ್ನು ಪರೀಕ್ಷಿಸಬಹುದು.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಗ್ಲೈಡರಿನಲ್ಲಿ ಎಂಜಿನ್ನಿಲ್ಲದುದರಿಂದ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವೂ ಇಲ್ಲ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಒಟ್ಟು 84 ವಾಟ್-ಗಂಟೆಗಳಷ್ಟು ಶಕ್ತಿಯಿರುತ್ತದೆ. ಪೂರ್ಣ ಹೊಳಪಿನಲ್ಲಿ 10 ವಾಟುಗಳನ್ನು ನುಂಗುವ ಫಲಕವೊಂದು ಎಂಟು ಗಂಟೆಗಳಲ್ಲಿ ಅದನ್ನು ಬರಿದುಮಾಡಿ, ರೇಡಿಯೊ ಯಂತ್ರಕ್ಕೂ ಏನನ್ನೂ ಉಳಿಸುವುದಿಲ್ಲ. ಫಲಕವನ್ನು ಭದ್ರವಾಗಿ ಬಿಗಿಯದಿದ್ದರೆ ರಾಟೆಯಂತ್ರದ ಸೆಳೆತಕ್ಕೆ ಕಳಚಿ ಬಿದ್ದು ಚಾಲನದಂಡಕ್ಕೆ ಅಡ್ಡಿಯಾಗಬಹುದು. ಅದರ ಹೊದಿಕೆಯಲ್ಲಿ ಅಯಸ್ಕಾಂತವಿದ್ದರೆ ದಿಕ್ಸೂಚಿ ಸುಳ್ಳು ಹೇಳತೊಡಗುತ್ತದೆ.

ಕಣ್ಣು ಎಲ್ಲಿರಬೇಕು?

ಇವೆಲ್ಲಕ್ಕಿಂತ ದೊಡ್ಡ ಅಪಾಯ ಫಲಕ ಕೆಡುವುದರಲ್ಲಿಲ್ಲ. ಅದು ಚೆನ್ನಾಗಿ ಕೆಲಸ ಮಾಡುವುದರಲ್ಲಿದೆ. ಬಣ್ಣಬಣ್ಣದ ನಕಾಶೆ, ಚಲಿಸುವ ಗೆರೆ, ಬದಲಾಗುವ ಅಂಕಿಗಳು ಕಣ್ಣನ್ನು ಹಿಡಿದಿಡುತ್ತವೆ. ಗಂಟೆಗೆ 110 ಕಿಲೊಮೀಟರು ವೇಗದ ಎರಡು ಗ್ಲೈಡರುಗಳು ಎದುರುಬದುರಾಗಿ ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 61 ಮೀಟರಿನಂತೆ ಕುಗ್ಗುತ್ತದೆ. ಐದು ಸೆಕೆಂಡು ತಲೆ ತಗ್ಗಿಸಿ ಫಲಕದ ಗುಂಡಿಯೊಂದನ್ನು ಹುಡುಕುವಷ್ಟರಲ್ಲಿ 300 ಮೀಟರಿನ ಅಂತರ ಮುಗಿದುಹೋಗುತ್ತದೆ. ಎದುರಿನಿಂದ ನೋಡಿದರೆ ಗ್ಲೈಡರಿನ ಒಡಲು ಒಬ್ಬ ಮನುಷ್ಯನ ಭುಜದಗಲಕ್ಕಿಂತ ಹೆಚ್ಚೇನೂ ದಪ್ಪವಲ್ಲ, ರೆಕ್ಕೆ ಒಂದು ತೆಳ್ಳನೆಯ ಗೆರೆ. ಒಂದೇ ಬಿಸಿಗಾಳಿಯ ಕಂಬದಲ್ಲಿ ಹತ್ತಾರು ಗ್ಲೈಡರುಗಳು ಒಟ್ಟಿಗೆ ಸುತ್ತುವುದು ಸ್ಪರ್ಧೆಗಳಲ್ಲಿ ಸಾಮಾನ್ಯ.

ಇದಕ್ಕೂ ಒಂದು ಯಂತ್ರವಿದೆ. ಸ್ವಿಟ್ಜರ್ಲೆಂಡಿನಲ್ಲಿ 2004ರಲ್ಲಿ ಹುಟ್ಟಿದ ಫ್ಲಾರ್ಮ್ ಎಂಬ ಸಾಧನವು ತನ್ನ ಗ್ಲೈಡರು ಮುಂದಿನ ಕೆಲವು ಸೆಕೆಂಡುಗಳಲ್ಲಿ ಎಲ್ಲಿರುವುದೆಂಬುದನ್ನು ರೇಡಿಯೊ ಮೂಲಕ ಸಾರುತ್ತ, ಇತರರ ಸಾಧನಗಳು ಸಾರುವುದನ್ನು ಕೇಳುತ್ತ, ಎರಡು ದಾರಿಗಳು ಕೂಡುವಂತಿದ್ದರೆ ಚಾಲಕನನ್ನು ಎಚ್ಚರಿಸುತ್ತದೆ. ಆದರೆ ಅಂಥ ಸಾಧನವಿಲ್ಲದ ಗ್ಲೈಡರು ಅದಕ್ಕೆ ಕಾಣದು. ಹದ್ದಂತೂ ಕಾಣುವುದೇ ಇಲ್ಲ. ಆದುದರಿಂದ ಅನುಭವಸ್ಥರು ಫಲಕದ ವಿಷಯದಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದಾರೆ. ಗ್ಲೈಡರಿನ ಜಾತಿ, ಇಳಿಯುವ ಬಯಲುಗಳು, ಪ್ರವೇಶ ನಿಷಿದ್ಧವಾದ ಆಕಾಶದ ಗಡಿಗಳು ಇವುಗಳನ್ನೆಲ್ಲ ನೆಲದ ಮೇಲಿರುವಾಗಲೇ ತುಂಬಿಸಿ, ಹೊಸದಾಗಿವೆಯೇ ಎಂದು ನೋಡಿಕೊಳ್ಳಬೇಕು. ಪರದೆಯ ಮೇಲೆ ಬೇಕಾದ ಮೂರು ನಾಲ್ಕು ಅಂಕಿಗಳಷ್ಟೇ ಇರಬೇಕು, ಅವು ದಪ್ಪ ಅಕ್ಷರದಲ್ಲಿರಬೇಕು. ಕಂಬದಲ್ಲಿ ಸುತ್ತುತ್ತಿರುವಾಗ ಫಲಕವನ್ನು ಮುಟ್ಟಲೇ ಬಾರದು. ಮುಂಭಾಗದ ಆಕಾಶವನ್ನು ಎಡದಿಂದ ಬಲಕ್ಕೆ ನೋಡಿ ಮುಗಿಸಿದ ಮೇಲೆ, ಗಡಿಯಾರವನ್ನು ನೋಡಿದಂತೆ, ಒಂದು ಕ್ಷಣ ಮಾತ್ರ ಅದರತ್ತ ನೋಡಬೇಕು.

ಹೀಗೆ ವಿಚಾರಮಾಡಿದಾಗ ಫಲಕದ ಸ್ಥಾನ ಸ್ಪಷ್ಟವಾಗುತ್ತದೆ. ಗುಣಾಕಾರ ಭಾಗಾಕಾರಗಳಲ್ಲಿ ಅದು ಮನುಷ್ಯನಿಗಿಂತ ಎಷ್ಟೋ ಮೇಲು. ಅದು ದಣಿಯುವುದಿಲ್ಲ, ಗಾಬರಿಯಾಗುವುದಿಲ್ಲ, ಮನೆಗೆ ಮುಟ್ಟಬೇಕೆಂಬ ಆಸೆಯಿಂದ ಅಂಕಿಯನ್ನು ಹಿಗ್ಗಿಸುವುದಿಲ್ಲ. ದಣಿದ ಚಾಲಕನಿಗೆ "ಇನ್ನು ಸಾಗದು, ಇಲ್ಲಿಯೇ ಇಳಿ" ಎಂದು ಹೇಳುವ ನಿಷ್ಠುರ ಮಿತ್ರನೂ ಅದೇ ಆಗಬಹುದು. ಆದರೆ ಅದು ಕೊಡುವ ಪ್ರತಿಯೊಂದು ಉತ್ತರದಲ್ಲಿಯೂ ಕಾಣದ ಒಂದು ಷರತ್ತು ಅಡಗಿದೆ: "ಗಾಳಿ ಹೀಗೆಯೇ ಇದ್ದರೆ" ಎಂಬುದೇ ಆ ಷರತ್ತು. ಅದು ಇನ್ನೂ ನಿಂತಿದೆಯೇ ಮುರಿದಿದೆಯೇ ಎಂಬುದನ್ನು ಚಾಲಕನು ಹೊರಗೆ ನೋಡಿಯೇ ತಿಳಿಯಬೇಕು.

ಆದುದರಿಂದಲೇ ಗ್ಲೈಡರಿನ ಚಾಲಕರು ದೂರದ ಗುರಿಯ ಅಂಕಿ ಎಷ್ಟೇ ಹಿತವಾಗಿದ್ದರೂ ಹತ್ತಿರದ ಹೊಲವೊಂದನ್ನು ಮನಸ್ಸಿನಲ್ಲಿ ಆರಿಸಿಟ್ಟುಕೊಂಡೇ ಮುಂದುವರಿಯುತ್ತಾರೆ. ಎತ್ತರ 300 ಮೀಟರಿಗೆ ಬಂದ ಮೇಲೆ ಲೆಕ್ಕದ ಮಾತೇ ಇಲ್ಲ. ಹೊಗೆ ಯಾವ ಕಡೆಗೆ ವಾಲುತ್ತಿದೆ, ಹೊಲ ಇಳಿಜಾರಾಗಿದೆಯೇ, ಪೈರು ಎಷ್ಟು ಎತ್ತರ ಬೆಳೆದಿದೆ, ಅಂಚಿನಲ್ಲಿ ಕಂಬಗಳಿದ್ದರೆ ಅವುಗಳ ನಡುವೆ ತಂತಿ ಇದ್ದೇ ಇರಬೇಕಲ್ಲವೇ, ಇಷ್ಟನ್ನೂ ಕಣ್ಣಿನಿಂದಲೇ ನೋಡಿ ನಿರ್ಧರಿಸಬೇಕು. ಆ ಕೊನೆಯ ಎರಡು ಮೂರು ನಿಮಿಷಗಳಲ್ಲಿ ಫಲಕವು ಏನನ್ನು ತೋರಿಸುತ್ತಿದೆ ಎಂಬುದನ್ನು ಒಳ್ಳೆಯ ಚಾಲಕನು ನೋಡುವುದಿಲ್ಲ.